ನೀನು ಮಗು ಆಗು, ನೀನು ಮಾಸು ಆಗು ಅಂತ ಕೋಶಕ್ಕೆ ಹೇಳಿದ್ದು ಯಾರು?

ಪ್ರಶ್ನೆ: ಮೇಡಂ, ನಮಸ್ಕಾರ. ನಾವು ಬಸವೇಶ್ವರನಗರದವರು. ನನ್ನ ತಂಗಿಗೆ ಮದುವೆಯಾಗಿ ಒಂಬತ್ತು ವರ್ಷ ಆಯಿತು. ಈಗ ಐವಿಎಫ್ ಮಾಡಿಸುತ್ತಿದ್ದೇವೆ. ಮೊನ್ನೆ ಡಾಕ್ಟರು ಐದನೇ ದಿನದ ಭ್ರೂಣದ ಫೋಟೊ ತೋರಿಸಿದರು. ಒಂದು ಗುಂಡನೆ ಚೆಂಡು, ಒಳಗೆ ಒಂದು ಪಕ್ಕಕ್ಕೆ ಸಣ್ಣ ಗುಡ್ಡೆ. 'ಈ ಗುಡ್ಡೆ ಮಗು ಆಗತ್ತೆ, ಸುತ್ತ ಇರೋದು ಮಾಸು ಆಗತ್ತೆ' ಅಂದರು. ಮನೆಗೆ ಬಂದು ಹೇಳಿದೆ. ಸೆಕೆಂಡ್ ಪಿಯುಸಿ ಓದುವ ಮಗಳು ಅದನ್ನೇ ಹಿಡಿದುಕೊಂಡಿದ್ದಾಳೆ. 'ಎಲ್ಲಾ ಕೋಶಾನೂ ಒಂದೇ ಕೋಶದಿಂದ ಬಂದಿದ್ದು ತಾನೇ? ಹಾಗಾದ್ರೆ ನೀನು ಮಗು ಆಗು, ನೀನು ಮಾಸು ಆಗು ಅಂತ ಹೇಳಿದ್ದು ಯಾರು?' ಅಂತಾಳೆ. ಸ್ಟೆಮ್ ಸೆಲ್ ಅನ್ನುವುದು ಆ ಗುಡ್ಡೆಯನ್ನೇನಾ? ಇನ್ನೊಂದು ವಿಷಯ. ಹೊಕ್ಕಳಬಳ್ಳಿಯ ರಕ್ತ ಎತ್ತಿಡಿ, ಮುಂದೆ ಯಾವ ಕಾಯಿಲೆ ಬಂದರೂ ಅದರಲ್ಲಿರುವ ಸ್ಟೆಮ್ ಸೆಲ್‌ನಿಂದ ಸರಿಮಾಡಬಹುದು ಅಂತ ಒಬ್ಬರು ಈಗಿನಿಂದಲೇ ಫೋನ್ ಮಾಡುತ್ತಿದ್ದಾರೆ. ದುಡ್ಡು ಕಟ್ಟಬೇಕಾ?

ಉತ್ತರ: ಮೊದಲು ನಿಮ್ಮ ಮಗಳಿಗೆ ನನ್ನ ಪರವಾಗಿ ಶಹಬ್ಬಾಸ್ ಹೇಳಿಬಿಡಿ. ಅವಳು ಕೇಳಿದ ಈ ಒಂದು ಪ್ರಶ್ನೆಯನ್ನು ಇಟ್ಟುಕೊಂಡೇ ನಾನು ಇಪ್ಪತ್ತು ವರ್ಷದ ಮೇಲೆ ಇಲಿ ಭ್ರೂಣ ನೋಡಿಕೊಂಡು ಬಂದಿದ್ದೇನೆ. ಫೋನ್ ಮಾಡುವವರ ವಿಷಯ ಆಮೇಲೆ ಬರುತ್ತದೆ. ಅಲ್ಲಿಯವರೆಗೆ ದುಡ್ಡು ಕಟ್ಟಬೇಡಿ.

ಫೋಟೊದಲ್ಲಿ ಇರುವುದು ಏನು ಅಂತ ನೋಡೋಣ. ಅಂಡಾಣು, ವೀರ್ಯಾಣು ಸೇರಿ ಆಗುವ ಮೊದಲ ಕೋಶದ ಅಡ್ಡಳತೆ ಸುಮಾರು 0.1 ಮಿಲಿಮೀಟರ್. ಚಿರೋಟಿ ರವೆಯ ಕಾಳಿಗಿಂತ ಸಣ್ಣದು. ಮೈಯೊಳಗೆ ಆದರೆ ಇದು ನಡೆಯುವುದು ಅಂಡನಾಳದಲ್ಲಿ. ನಿಮ್ಮ ತಂಗಿಯ ವಿಷಯದಲ್ಲಿ ಲ್ಯಾಬಿನ ತಟ್ಟೆಯಲ್ಲಿ ನಡೆದಿದೆ. ಎರಡನೇ ದಿನಕ್ಕೆ ನಾಲ್ಕು ಕೋಶ, ಮೂರನೇ ದಿನಕ್ಕೆ ಎಂಟು, ನಾಲ್ಕನೇ ದಿನಕ್ಕೆ ಒತ್ತಿಕೊಂಡ ಒಂದು ಉಂಡೆ, ಐದನೇ ದಿನಕ್ಕೆ ನಿಮಗೆ ತೋರಿಸಿದ ಆ ಚೆಂಡು. ಅದಕ್ಕೆ ಬ್ಲಾಸ್ಟೊಸಿಸ್ಟ್ ಅಂತ ಹೆಸರು. ಒಟ್ಟು ನೂರರ ಆಸುಪಾಸು ಕೋಶ ಇರಬಹುದು.

ಚೆಂಡು ಆಗುವವರೆಗೆ ಕೋಶಗಳ ಸಂಖ್ಯೆ ಹೆಚ್ಚುತ್ತದೆ, ಭ್ರೂಣ ಮಾತ್ರ ದೊಡ್ಡದಾಗುವುದಿಲ್ಲ. ರಾಗಿ ಮುದ್ದೆಯನ್ನು ತಟ್ಟೆಯಲ್ಲೇ ಮುರಿದು ಎರಡು, ನಾಲ್ಕು, ಎಂಟು ಮಾಡಿದ ಹಾಗೆ. ತುತ್ತು ಜಾಸ್ತಿಯಾಗುತ್ತದೆ, ಮುದ್ದೆ ಅಷ್ಟೇ. ಇಡೀ ಭ್ರೂಣದ ಸುತ್ತ ಒಂದು ಪಾರದರ್ಶಕ ಚಿಪ್ಪಿರುತ್ತದೆ. ಕೊನೆಗೆ ಅದನ್ನು ಒಡೆದುಕೊಂಡು ಹೊರಗೆ ಬಂದರೆ ಮಾತ್ರ ಗರ್ಭಕೋಶಕ್ಕೆ ಅಂಟಲು ಸಾಧ್ಯ. ಈ ಚಿಪ್ಪು ಕರಗಿಸಿಕೊಂಡು ಭ್ರೂಣ ಹೇಗೆ ಹೊರಬರುತ್ತದೆ ಅಂತ ನಮ್ಮ ಊರಿನ ಐಐಎಸ್‌ಸಿಯಲ್ಲೇ ಪೊಲಾನಿ ಶೇಷಗಿರಿ ಅವರ ಲ್ಯಾಬ್ ಹ್ಯಾಮ್‌ಸ್ಟರ್ ಭ್ರೂಣಗಳನ್ನು ಇಟ್ಟುಕೊಂಡು ಕೆಲಸ ಮಾಡಿದೆ.

ಇನ್ನೊಂದು ಮಾತು. ಶುರುವಿನ ಒಂದೆರಡು ದಿನ ಭ್ರೂಣ ತನ್ನ ಸ್ವಂತ ಜೀನ್‌ಗಳನ್ನು ಹೆಚ್ಚುಕಡಿಮೆ ಬಳಸುವುದೇ ಇಲ್ಲ. ತಾಯಿ ಅಂಡಾಣುವಿನಲ್ಲಿ ಕಟ್ಟಿಕೊಟ್ಟ ಬುತ್ತಿಯಲ್ಲೇ ಸಂಸಾರ. ಇಲಿಯಲ್ಲಿ ಎರಡು ಕೋಶದ ಹಂತಕ್ಕೆ ಬುತ್ತಿ ಮುಗಿಯುತ್ತದೆ. ನಮ್ಮಲ್ಲಿ ನಾಲ್ಕರಿಂದ ಎಂಟು ಕೋಶ ಆಗುವ ಹೊತ್ತಿಗೆ, ಅಂದರೆ ಮೂರನೇ ದಿನದ ಸುಮಾರಿಗೆ. ಆಮೇಲೆ ಸ್ವಂತ ಜೀನ್‌ಗಳು ಕೆಲಸಕ್ಕೆ ಇಳಿಯಬೇಕು. ಬಹಳ ಭ್ರೂಣಗಳು ನಿಂತುಹೋಗುವುದು ಈ ತಿರುವಿನ ಆಸುಪಾಸಿನಲ್ಲೇ. 'ಮೂರನೇ ದಿನದವರೆಗೆ ಚೆನ್ನಾಗಿತ್ತು, ಆಮೇಲೆ ಬೆಳೆಯಲಿಲ್ಲ' ಅಂತ ಎಷ್ಟೋ ಜನ ಕೇಳಿಸಿಕೊಂಡಿರುತ್ತಾರೆ. ಅದರಲ್ಲಿ ಆ ಹೆಣ್ಣುಮಗಳ ಊಟದ್ದೋ ಓಡಾಟದ್ದೋ ತಪ್ಪಿಲ್ಲ ಅಂತ ತಂಗಿಗೆ ಹೇಳಿಡಿ. ಮನೆಗೆ ಬಂದವರೆಲ್ಲ ಏನೇನೋ ಹೇಳುತ್ತಾರೆ.

ಈಗ ಮಗಳ ಪ್ರಶ್ನೆ. ಯಾರು ಮಗು, ಯಾರು ಮಾಸು ಅನ್ನುವುದು ಮೊದಲೇ ಬರೆದಿಟ್ಟಿರುತ್ತದಾ?

ಇದನ್ನು ಸರಿಯಾಗಿ ಪರೀಕ್ಷೆ ಮಾಡಿದ್ದು ಪೋಲೆಂಡಿನ ಆಂಜೆ ತರ್ಕೋವ್‌ಸ್ಕಿ. 1959ರಲ್ಲಿ ಅವರು ಎರಡು ಕೋಶದ ಇಲಿ ಭ್ರೂಣ ತೆಗೆದುಕೊಂಡು, ಒಂದು ಕೋಶವನ್ನು ಸೂಜಿಯಿಂದ ಕೊಂದರು. ಉಳಿದದ್ದನ್ನು ತಾಯಿ ಇಲಿಯೊಳಗೆ ಇಟ್ಟರು. ಅರ್ಧ ಇಲಿ ಹುಟ್ಟಲಿಲ್ಲ, ಪೂರ್ತಿ ಇಲಿಮರಿ ಹುಟ್ಟಿತು. 1961ರಲ್ಲಿ ಇದರ ಉಲ್ಟಾ ಮಾಡಿದರು. ಎರಡು ಬೇರೆ ಬೇರೆ ಭ್ರೂಣಗಳ ಚಿಪ್ಪು ತೆಗೆದು ಒಂದಕ್ಕೊಂದು ಅಂಟಿಸಿದರು. ಎರಡು ತಲೆಯ ಇಲಿ ಬರಲಿಲ್ಲ. ನಾಲ್ಕು ಜನ ಅಪ್ಪ-ಅಮ್ಮಂದಿರ ಕೋಶ ಬೆರೆತ ಒಂದೇ ಭ್ರೂಣ ಬೆಳೆಯಿತು.

ಮನುಷ್ಯರಲ್ಲಿ ಇಂಥದ್ದು ಮಾಡಿ ನೋಡುವ ಹಾಗಿಲ್ಲ. ಆದರೆ ಗೊತ್ತಾಗುವ ದಾರಿ ಇದೆ. 1990ರಲ್ಲಿ ಲಂಡನ್ನಿನಲ್ಲಿ ಅಲನ್ ಹ್ಯಾಂಡಿಸೈಡ್ ಮತ್ತು ಜೊತೆಯವರು ಮೂರನೇ ದಿನದ ಭ್ರೂಣದಿಂದ ಕೋಶ ತೆಗೆದು ಪರೀಕ್ಷೆ ಮಾಡಿ, ಉಳಿದದ್ದನ್ನು ಗರ್ಭಕೋಶಕ್ಕೆ ಸೇರಿಸುವುದನ್ನು ಶುರುಮಾಡಿದರು. ಕೈಯೋ ಕಾಲೋ ಕಡಿಮೆಯಿರುವ ಮಕ್ಕಳು ಹುಟ್ಟಲಿಲ್ಲ. ಎಂಟರಲ್ಲಿ ಒಂದು ಕೋಶ ಹೋದರೆ ಉಳಿದ ಏಳು ಹೊಂದಿಸಿಕೊಳ್ಳುತ್ತವೆ.

ಹಾಗಾದರೆ ಮೊದಲೇ ಬರೆದಿಟ್ಟ ಹಣೆಬರಹ ಅಂತ ಇಲ್ಲ. ನಾಲ್ಕು ಕೋಶ ಇದ್ದಾಗಲೇ ಒಂದಕ್ಕೆ ಈ ಕಡೆ ಒಲವು, ಇನ್ನೊಂದಕ್ಕೆ ಆ ಕಡೆ ಒಲವು ಸ್ವಲ್ಪ ಇರುತ್ತದೆ ಅಂತ ವಾದಿಸುವವರು ನಮ್ಮಲ್ಲಿದ್ದಾರೆ. ಅವರ ಪುರಾವೆಯೂ ಕಡೆಗಣಿಸುವಂಥದ್ದಲ್ಲ. ಆದರೆ ಒಲವು ಬೇರೆ, ಹಣೆಬರಹ ಬೇರೆ. ನನ್ನ ಕಣ್ಣಿಗೆ ಕಂಡ ಮಟ್ಟಿಗೆ ಕೋಶ ತೀರ್ಮಾನ ಮಾಡುವುದು ತಾನು ನಿಂತ ಜಾಗ ನೋಡಿ, ಅಕ್ಕಪಕ್ಕದಲ್ಲಿ ಯಾರಿದ್ದಾರೆ ಅಂತ ನೋಡಿ.

ಅದಕ್ಕೆ ಜಾಗ ಗೊತ್ತಾಗುವುದು ಹೇಗೆ? ಬೆಳಿಗ್ಗೆ ಒಂಬತ್ತು ಗಂಟೆಗೆ ಮೆಜೆಸ್ಟಿಕ್ ಕಡೆ ಹೋಗುವ ಬಿಎಂಟಿಸಿ ಬಸ್ಸನ್ನು ನೆನೆಸಿಕೊಳ್ಳಿ. ಮಧ್ಯೆ ಸಿಕ್ಕಿಹಾಕಿಕೊಂಡವರಿಗೆ ನಾಲ್ಕೂ ಕಡೆ ಜನ. ಫುಟ್‌ಬೋರ್ಡಿನಲ್ಲಿ ನಿಂತವನಿಗೆ ಒಂದು ಕಡೆ ಜನ, ಇನ್ನೊಂದು ಕಡೆ ಗಾಳಿ. ತಾನು ಒಳಗಿದ್ದೀನೋ ಹೊರಗಿದ್ದೀನೋ ಅಂತ ಅವರಿಗೆ ಕಂಡಕ್ಟರ್ ಬಂದು ಹೇಳಬೇಕಾಗಿಲ್ಲ. ಮೈಗೇ ಗೊತ್ತಾಗುತ್ತದೆ. ಒಳಗಿದ್ದವು ಒಂದು, ಹೊರಗಿದ್ದವು ಒಂದು ಆಗುತ್ತವೆ ಅನ್ನುವ ಈ ವಿಚಾರವನ್ನು 1967ರಲ್ಲಿ ಮುಂದಿಟ್ಟವರೂ ತರ್ಕೋವ್‌ಸ್ಕಿಯೇ, ಸಹೋದ್ಯೋಗಿ ಯೊವಾನ್ನಾ ವ್ರೂಬ್ಲೆವ್‌ಸ್ಕಾ ಜೊತೆ.

ಎಂಟು ಕೋಶ ಆಗುವವರೆಗೆ ಭ್ರೂಣ ಸಡಿಲವಾದ ದ್ರಾಕ್ಷಿ ಗೊಂಚಲಿನ ಹಾಗಿರುತ್ತದೆ. ಪ್ರತಿಯೊಂದು ಕೋಶವೂ ಬೇರೆಬೇರೆಯಾಗಿ ಕಾಣುತ್ತದೆ. ಆಮೇಲೆ ಕೆಲವೇ ಗಂಟೆಗಳಲ್ಲಿ ಎಲ್ಲವೂ ಒಂದಕ್ಕೊಂದು ಒತ್ತಿಕೊಂಡು, ನಡುವಿನ ಗೆರೆಗಳೇ ಮಾಯವಾಗಿಬಿಡುತ್ತವೆ. ಹೊಸದಾಗಿ ಲ್ಯಾಬ್ ಸೇರಿದಾಗ ಇದನ್ನು ಮೊದಲ ಸಲ ನೋಡಿ, ಭ್ರೂಣ ಸತ್ತುಹೋಯಿತು ಅಂತ ತಿಳಿದು ತಟ್ಟೆಯನ್ನು ಚೆಲ್ಲಲು ಹೊರಟಿದ್ದೆ. ಪಕ್ಕದ ಬೆಂಚಿನ ಹಿರಿಯರು ಕೈ ಹಿಡಿದು ನಿಲ್ಲಿಸಿದರು. ಒತ್ತಿಕೊಳ್ಳುವುದಕ್ಕೆ ಬೇಕಾದ ಅಂಟು ಇ-ಕ್ಯಾಡ್ಹೆರಿನ್ ಅನ್ನುವ ಪ್ರೊಟೀನು. ಅದಕ್ಕೆ ಕ್ಯಾಲ್ಸಿಯಂ ಬೇಕೇ ಬೇಕು. ಕ್ಯಾಲ್ಸಿಯಂ ಇಲ್ಲದ ದ್ರಾವಣಕ್ಕೆ ಹಾಕಿದರೆ ಭ್ರೂಣ ಮತ್ತೆ ಬಿಡಿ ದ್ರಾಕ್ಷಿಯಾಗುತ್ತದೆ.

ಒತ್ತಿಕೊಂಡಾಗ ಹೊರಗಿನ ಕೋಶಕ್ಕೆ ಎರಡು ಮುಖ ಬರುತ್ತದೆ. ಹೊರಕ್ಕೆ ತೆರೆದ ಮುಖ ಒಂದು, ನೆರೆಯವರಿಗೆ ತಗುಲಿದ ಮುಖ ಇನ್ನೊಂದು. ಮುಂದಿನ ವಿಭಜನೆಗಳಲ್ಲಿ ಕೆಲವು ಮರಿಕೋಶಗಳು ಒಳಕ್ಕೆ ತಳ್ಳಲ್ಪಡುತ್ತವೆ. ಅವಕ್ಕೆ ಎಲ್ಲಾ ಕಡೆಯೂ ನೆರೆಯವರೇ. ಈ ಒತ್ತಡವನ್ನು ಜೀನ್‌ಗಳಿಗೆ ಮುಟ್ಟಿಸುವ ಒಂದು ಸಂದೇಶ ಸರಪಳಿ ಇದೆ. ಅದರ ಹೆಸರು ಹಿಪ್ಪೊ. ಹೌದು, ನೀರಾನೆಯೇ. ಹಣ್ಣಿನ ನೊಣದಲ್ಲಿ ಈ ಜೀನ್ ಕೆಟ್ಟರೆ ತಲೆ ಮಿತಿಮೀರಿ ಬೆಳೆದು ನೀರಾನೆಯ ಚರ್ಮದ ಹಾಗೆ ಸುಕ್ಕಾಗುತ್ತದೆ. ಅದಕ್ಕೇ ಆ ಹೆಸರು. ನೊಣದವರು ಹೆಸರಿಡುವುದರಲ್ಲಿ ನಮಗಿಂತ ಯಾವಾಗಲೂ ಒಂದು ಕೈ ಮೇಲು.

ಒಳಗಿನ ಕೋಶದಲ್ಲಿ ಹಿಪ್ಪೊ ಎಚ್ಚರವಾಗಿರುತ್ತದೆ. ಅದು ಯಾಪ್ ಅನ್ನುವ ಪ್ರೊಟೀನನ್ನು ಕೋಶದ ನ್ಯೂಕ್ಲಿಯಸ್ಸಿನ ಬಾಗಿಲ ಹೊರಗೇ ತಡೆದು ನಿಲ್ಲಿಸುತ್ತದೆ. ಹೊರಗಿನ ಕೋಶದಲ್ಲಿ, ಆ ತೆರೆದ ಮುಖ ಇರುವುದರಿಂದ, ಹಿಪ್ಪೊ ಸುಮ್ನೆ ಕೂತಿರುತ್ತದೆ. ಯಾಪ್ ಒಳಗೆ ಹೋಗುತ್ತದೆ, ಟೀಡ್4 ಅನ್ನುವ ಜೊತೆಗಾರನನ್ನು ಹಿಡಿಯುತ್ತದೆ, ಸಿಡಿಎಕ್ಸ್2 ಅನ್ನುವ ಜೀನನ್ನು ಎಬ್ಬಿಸುತ್ತದೆ. ಸಿಡಿಎಕ್ಸ್2 ಎದ್ದ ಕೋಶ ಮಾಸಿನ ದಾರಿ ಹಿಡಿಯಿತು ಅಂತಲೇ ಲೆಕ್ಕ. ಒಳಗಿನವುಗಳಲ್ಲಿ ಆಕ್ಟ್4, ಸಾಕ್ಸ್2, ನ್ಯಾನೊಗ್ ಅನ್ನುವ ಜೀನ್‌ಗಳು ಎಚ್ಚರವಾಗಿಯೇ ಉಳಿದುಕೊಳ್ಳುತ್ತವೆ. ಇನ್ನೂ ಬೇಗ ಇದ್ದಾಗ ಒಳಗಿನ ಕೋಶವನ್ನು ತೆಗೆದು ಹೊರಗಿಟ್ಟರೆ ಅದು ಮನಸ್ಸು ಬದಲಾಯಿಸುತ್ತದೆ. ತಡವಾದಷ್ಟೂ ಬದಲಾಯಿಸುವುದು ಕಷ್ಟ.

ಇಷ್ಟೂ ಇಲಿಯ ಲೆಕ್ಕ. ಎಲ್ಲಾ ಪ್ರಾಣಿಗೂ ಇದನ್ನೇ ಅಚ್ಚು ಹಾಕಬಾರದು. ಮನುಷ್ಯರಲ್ಲಿ ಸಿಡಿಎಕ್ಸ್2 ಏಳುವುದು ತಡ, ಚೆಂಡು ಆದ ಮೇಲೆ. ಒಳಗಿನ ಕೋಶಗಳು ಮಾಸಿನ ಕಡೆ ತಿರುಗುವ ಶಕ್ತಿಯನ್ನು ಜಾಸ್ತಿ ಹೊತ್ತು ಉಳಿಸಿಕೊಳ್ಳುತ್ತವೆ. ಹಸುವಿನದು ಇನ್ನೂ ವಿಚಿತ್ರ. ಅದರ ಭ್ರೂಣ ಗರ್ಭಕೋಶಕ್ಕೆ ಅಂಟಲು ಅವಸರವನ್ನೇ ಪಡುವುದಿಲ್ಲ. ಮೂರನೇ ವಾರದ ಹೊತ್ತಿಗೆ ದಾರದ ಹಾಗೆ ಉದ್ದಕ್ಕೆ ಎಳೆದುಕೊಂಡಿರುತ್ತದೆ. ಹೆಬ್ಬಾಳದ ವೆಟರ್ನರಿ ಕಾಲೇಜಿನಲ್ಲಿ ಓದಿದ ಯಾರನ್ನಾದರೂ ಕೇಳಿ, ಹೇಳುತ್ತಾರೆ. ಇಲಿ ಭ್ರೂಣವನ್ನೇ ನೋಡಿ ಬೆಳೆದ ನನ್ನಂಥವರು ಇಡೀ ಸಸ್ತನಿ ಲೋಕವೇ ಹಾಗೆ ಅಂದುಕೊಂಡುಬಿಡುವ ಚಾಳಿ ಇದೆ.

ಇನ್ನು ಆ ಗುಡ್ಡೆ. ಹೊರಗಿನ ಕೋಶಗಳು ನೀರನ್ನು ಒಳಕ್ಕೆ ಪಂಪ್ ಮಾಡುತ್ತವೆ. ಮಧ್ಯೆ ಪೊಳ್ಳಾಗುತ್ತದೆ, ಒಳಗಿನ ಕೋಶಗಳು ಒಂದು ಬದಿಗೆ ಸರಿದು ಕೂರುತ್ತವೆ. ಫೋಟೊದಲ್ಲಿ ಕಂಡಿದ್ದು ಅದೇ. ಆದರೆ ಡಾಕ್ಟರು ಹೇಳಿದ್ದಕ್ಕೆ ಸಣ್ಣ ತಿದ್ದುಪಡಿ ಇದೆ. ಆ ಗುಡ್ಡೆಯಷ್ಟೂ ಮಗು ಆಗುವುದಿಲ್ಲ. ಅದರೊಳಗೆ ಇನ್ನೊಂದು ಪಾಲು ಆಗಬೇಕು. ಒಂದು ಪಾಲು ಎಪಿಬ್ಲಾಸ್ಟ್. ನಿಜವಾಗಿ ಮಗುವಿನ ಮೈ ಆಗುವುದು ಇದೇ. ಇನ್ನೊಂದು ಪಾಲು ಯೋಕ್ ಸ್ಯಾಕ್ ಅನ್ನುವ ಚೀಲದ ಒಳಪದರ ಆಗುತ್ತದೆ. ಎಲ್ಲವೂ ಸರಿಹೋಗಿ ಆರನೇ ವಾರದಲ್ಲಿ ಸ್ಕ್ಯಾನಿಗೆ ಹೋದಾಗ 'ಯೋಕ್ ಸ್ಯಾಕ್ ಕಾಣ್ತಿದೆ' ಅನ್ನುತ್ತಾರಲ್ಲ, ಅದೇ. ಮಗುವಿನ ಮೊದಲ ರಕ್ತಕಣಗಳು ಹುಟ್ಟುವುದು ಆ ಚೀಲದ ಗೋಡೆಯಲ್ಲಿ.

ಈ ಎರಡನೇ ಪಾಲು ನಡೆಯುವ ರೀತಿ ಮಾತ್ರ ತಲೆಕೆಳಗು. ಮೊದಲನೆಯದರಲ್ಲಿ ಜಾಗ ಮೊದಲು, ತೀರ್ಮಾನ ಆಮೇಲೆ. ಇಲ್ಲಿ ತೀರ್ಮಾನ ಮೊದಲು, ಜಾಗ ಆಮೇಲೆ. ಇಲಿಯಲ್ಲಿ ನೋಡಿದರೆ, ಸಂಕ್ರಾಂತಿಗೆ ಎಳ್ಳು ಬೆಲ್ಲ ಕಲಸಿದ ಹಾಗೆ ಎರಡು ಥರದ ಕೋಶಗಳೂ ಗುಡ್ಡೆಯ ತುಂಬ ಬೆರೆತುಕೊಂಡಿರುತ್ತವೆ. ಕೆಲವದರಲ್ಲಿ ನ್ಯಾನೊಗ್ ಜಾಸ್ತಿ, ಕೆಲವದರಲ್ಲಿ ಗಾಟಾ6 ಅನ್ನುವ ಇನ್ನೊಂದು ಜೀನ್ ಜಾಸ್ತಿ. ಎಪಿಬ್ಲಾಸ್ಟ್ ಆಗಲು ಹೊರಟ ಕೋಶ ಎಫ್‌ಜಿಎಫ್4 ಅನ್ನುವ ಸಂಕೇತವನ್ನು ಹೊರಗೆ ಬಿಡುತ್ತದೆ. ಅದನ್ನು ಕೇಳಿಸಿಕೊಂಡ ಪಕ್ಕದ ಕೋಶ 'ಸರಿ, ನಾನು ಚೀಲದ ಕಡೆ ಹೋಗ್ತೀನಿ' ಅಂತ ಹೊರಡುತ್ತದೆ. ಆಮೇಲೆ ಎಳ್ಳು ಒಂದು ಕಡೆ, ಬೆಲ್ಲ ಒಂದು ಕಡೆ ಅಂತ ತಾವೇ ಸರಿದು ಎರಡು ಪದರ ಆಗುತ್ತವೆ. ತಟ್ಟೆಯಲ್ಲಿ ಈ ಸಂಕೇತವನ್ನು ಜಾಸ್ತಿ ಸುರಿದರೆ ಎಲ್ಲವೂ ಚೀಲದ ಕಡೆ ಹೋಗುತ್ತವೆ. ಕೇಳಿಸದ ಹಾಗೆ ತಡೆದರೆ ಎಲ್ಲವೂ ಎಪಿಬ್ಲಾಸ್ಟ್ ಆಗಿಯೇ ಉಳಿಯುತ್ತವೆ.

ಈ ಕೊನೆಯ ವಾಕ್ಯದಲ್ಲಿ ನಿಮ್ಮ ಎರಡನೇ ಪ್ರಶ್ನೆಗೆ ಉತ್ತರ ಇದೆ.

ಎಪಿಬ್ಲಾಸ್ಟ್ ಕೋಶಕ್ಕೆ ಮೈಯ ಯಾವ ಕೋಶ ಬೇಕಾದರೂ ಆಗುವ ಶಕ್ತಿ ಇದೆ. ಮಿದುಳು, ಮೂಳೆ, ಕರುಳು, ರಕ್ತ, ಕೊನೆಗೆ ಅಂಡಾಣು ವೀರ್ಯಾಣು ಕೂಡ. ಈ ಶಕ್ತಿಗೆ ಪ್ಲುರಿಪೊಟೆನ್ಸಿ ಅನ್ನುತ್ತೇವೆ. ಆದರೆ ಭ್ರೂಣದಲ್ಲಿ ಇದು ದಾರಿಯ ಮಧ್ಯದ ಒಂದು ಸಣ್ಣ ನಿಲ್ದಾಣ. ಕೆಲವು ದಿನ ಇದ್ದು ಹೊರಟುಹೋಗುತ್ತದೆ. ಆದ್ದರಿಂದ ಆ ಗುಡ್ಡೆಯನ್ನು ಸ್ಟೆಮ್ ಸೆಲ್ ಅನ್ನುವುದು ಪೂರ್ತಿ ಸರಿಯಲ್ಲ. ಸ್ಟೆಮ್ ಸೆಲ್ ಅಂದರೆ ತನ್ನಂಥದ್ದನ್ನೇ ಮತ್ತೆ ಮತ್ತೆ ಮಾಡುತ್ತಾ ಉಳಿಯಬೇಕು. ಗುಡ್ಡೆಯ ಕೋಶಗಳು ಹಾಗೆ ಉಳಿಯುವುದಿಲ್ಲ. ಅವನ್ನು ಹೊರತೆಗೆದು, ತಟ್ಟೆಯಲ್ಲಿ ಹಾಕಿ, 'ಮುಂದಕ್ಕೆ ಹೋಗು' ಅನ್ನುವ ಸಂಕೇತಗಳು ಕೇಳಿಸದ ಹಾಗೆ ಕಿವಿಗೆ ಹತ್ತಿ ತುರುಕಿದರೆ, ಅದೇ ನಿಲ್ದಾಣದಲ್ಲಿ ವರ್ಷಗಟ್ಟಲೆ ನಿಂತುಬಿಡುತ್ತವೆ. ಅದು ಭ್ರೂಣದ ಸ್ಟೆಮ್ ಸೆಲ್. ಮನುಷ್ಯರು ಹಿಡಿದು ನಿಲ್ಲಿಸಿದ ಒಂದು ಗಳಿಗೆ ಅನ್ನಿ.

ಇಲಿಯಲ್ಲಿ ಇದನ್ನು ಸಾಧಿಸಿದ್ದು 1981ರಲ್ಲಿ. ಕೇಂಬ್ರಿಡ್ಜಿನಲ್ಲಿ ಮಾರ್ಟಿನ್ ಇವಾನ್ಸ್ ಮತ್ತು ಮ್ಯಾಥ್ಯೂ ಕಾಫ್‌ಮನ್, ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಗೇಲ್ ಮಾರ್ಟಿನ್, ಬೇರೆಬೇರೆಯಾಗಿ. ಇವಾನ್ಸ್ ಮತ್ತು ಕಾಫ್‌ಮನ್ ಒಂದು ಉಪಾಯ ಮಾಡಿದರು. ಮರಿಗಳಿಗೆ ಹಾಲು ಕುಡಿಸುತ್ತಿರುವ ಇಲಿ ಮತ್ತೆ ಬಸಿರಾದರೆ, ಹೊಸ ಭ್ರೂಣ ಬ್ಲಾಸ್ಟೊಸಿಸ್ಟ್ ಆದ ಮೇಲೆ ಅಂಟದೆ ಸುಮ್ಮನೆ ಕಾಯುತ್ತದೆ. ಪ್ರಕೃತಿಯೇ ಒತ್ತಿದ ವಿರಾಮದ ಗುಂಡಿ ಅದು. ಹಾಗೆ ಕಾಯುವಂತೆ ಮಾಡಿದ ಭ್ರೂಣಗಳಿಂದಲೇ ಇವರು ಕೋಶ ತೆಗೆದರು. ಮನುಷ್ಯರ ಕೋಶ ಸಿಕ್ಕಿದ್ದು 17 ವರ್ಷ ಕಳೆದು, 1998ರಲ್ಲಿ, ವಿಸ್ಕಾನ್ಸಿನ್‌ನ ಜೇಮ್ಸ್ ಥಾಮ್ಸನ್ ಅವರಿಗೆ. ನಮ್ಮ ಬೆಂಗಳೂರಿನದೂ ಇದೆ. ಜಕ್ಕೂರಿನ ಜವಾಹರಲಾಲ್ ನೆಹರು ಕೇಂದ್ರದಲ್ಲಿ ಮನೀಷಾ ಇನಾಮದಾರ್ ಅವರ ತಂಡ, ಐವಿಎಫ್‌ಗೆ ಬಳಸಲಾಗದ ಕಳಪೆ ದರ್ಜೆ ಅಂತ ಬದಿಗಿಟ್ಟ ಭ್ರೂಣಗಳಿಂದ ಎರಡು ಕೋಶ ಸಾಲುಗಳನ್ನು (ತಟ್ಟೆಯಲ್ಲಿ ಬೆಳೆಯುತ್ತಲೇ ಇರುವ ಕೋಶಗಳ ವಂಶ ಅನ್ನಿ) ಬೆಳೆಸಿ 2009ರಲ್ಲಿ ಪ್ರಕಟಿಸಿತು. ಹೆಸರು ಬಿಜೆಎನ್‌ಹೆಮ್19, ಬಿಜೆಎನ್‌ಹೆಮ್20. ಎರಡೂ ಒಡಹುಟ್ಟುಗಳು.

ಕೋಶ ಸಾಕುವುದು ಹಸು ಸಾಕಿದ ಹಾಗೆ. ಹಬ್ಬ ಭಾನುವಾರ ಅಂತಿಲ್ಲ. 37 ಡಿಗ್ರಿ ಬಿಸಿ, 5 ಪರ್ಸೆಂಟ್ ಕಾರ್ಬನ್ ಡೈ ಆಕ್ಸೈಡ್, ದಿನಾ ಮೀಡಿಯಂ, ಅಂದರೆ ಕೋಶಗಳನ್ನು ಬೆಳೆಸುವ ದ್ರವ, ಬದಲಾಯಿಸಬೇಕು. ಗುಲಾಬಿ ಬಣ್ಣದ ಮೀಡಿಯಂ ಹಳದಿಯಾಗಿದ್ದರೆ ಕೋಶಗಳು ಹಸಿದು ಹುಳಿ ಮಾಡಿಕೊಂಡಿವೆ ಅಂತ ಅರ್ಥ. ಒಂದು ಯುಗಾದಿಯ ದಿನ ಸಿಲಿಂಡರ್ ಖಾಲಿಯಾದದ್ದು ಗೊತ್ತಾಗದೆ ಮೂರು ತಿಂಗಳ ಕೆಲಸ ಕಳೆದುಕೊಂಡೆ. ಆ ವರ್ಷ ಬೇವೇ ಜಾಸ್ತಿ. ಮೈಕ್ರೊಸ್ಕೋಪಿನಲ್ಲಿ ಇಲಿಯ ಕೋಶಗಳ ಗುಂಪು ಇಡ್ಲಿಯ ಹಾಗೆ ಉಬ್ಬಿ ಹೊಳೆಯುತ್ತದೆ. ಮನುಷ್ಯರದು ದೋಸೆಯ ಹಾಗೆ ಚಪ್ಪಟೆ. ಇದು ಬರೀ ನೋಟದ ವ್ಯತ್ಯಾಸ ಅಲ್ಲ. ಇಲಿಯದು ಅಂಟುವ ಮುಂಚಿನ ಗಳಿಗೆ, ನಾವು ಸಾಮಾನ್ಯವಾಗಿ ಬೆಳೆಸುವ ಮನುಷ್ಯರ ಕೋಶ ಅಂಟಿದ ಮೇಲಿನ ಗಳಿಗೆ. ಒಂದೇ ರೂಟಿನ ಎರಡು ನಿಲ್ದಾಣ.

ಇಂಥ ಇಲಿ ಕೋಶಗಳನ್ನು ತೆಗೆದು ಇನ್ನೊಂದು ಇಲಿಯ ಬ್ಲಾಸ್ಟೊಸಿಸ್ಟ್ ಒಳಗೆ ಸೇರಿಸಿದರೆ, ಅವು ನೆರೆಯವರ ಜೊತೆ ಬೆರೆತು ಮಾಮೂಲಿನಂತೆ ಮೈ ಕಟ್ಟುತ್ತವೆ. ಕಪ್ಪು ಇಲಿಮರಿಯ ಬೆನ್ನ ಮೇಲೆ ಕಂದು ಪಟ್ಟೆ ಮೂಡಿದ್ದನ್ನು ಮೊದಲ ಸಲ ನೋಡಿದ ದಿನ ನಾನು ಊಟ ಮರೆತಿದ್ದೆ. ಆದರೆ ಅದೇ ಕೋಶಗಳನ್ನು ದೊಡ್ಡ ಇಲಿಯ ಚರ್ಮದ ಕೆಳಗೆ ಚುಚ್ಚಿದರೆ? ಟೆರಟೋಮ ಅನ್ನುವ ಗೆಡ್ಡೆ ಏಳುತ್ತದೆ. ಕೊಯ್ದು ನೋಡಿದರೆ ಒಳಗೆ ಕೂದಲು, ಮೂಳೆ, ಕರುಳಿನ ತುಂಡು, ಎಲ್ಲಾ ಅಡ್ಡಾದಿಡ್ಡಿ. ಹೆಂಗಸರ ಅಂಡಾಶಯದಲ್ಲಿ ಡರ್ಮಾಯ್ಡ್ ಸಿಸ್ಟ್ ಅಂತ ಬರುತ್ತದಲ್ಲ, ಕೂದಲು ಹಲ್ಲು ಇತ್ತಂತೆ ಅಂತ ಪಿಸುಮಾತಿನಲ್ಲಿ ಹೇಳುತ್ತಾರಲ್ಲ, ಅದೂ ಇದೇ ಜಾತಿಯದು. ಯಾರ ಶಾಪವೂ ಅಲ್ಲ. ಕೋಶಕ್ಕೆ ಎಲ್ಲಾ ಆಗುವ ಶಕ್ತಿ ಇತ್ತು, ಏನಾಗಬೇಕು ಅಂತ ತಿಳಿಸುವ ನೆರೆಹೊರೆ ಇರಲಿಲ್ಲ, ಅಷ್ಟೆ.

ನಿಮಗೆ ಫೋನ್ ಮಾಡುವವರು ಹೇಳದಿರುವುದು ಇಲ್ಲಿಂದ ಶುರುವಾಗುತ್ತದೆ. 'ಯಾವ ಕಾಯಿಲೆ ಬೇಕಾದರೂ' ಅನ್ನುವುದಕ್ಕೆ ಯಾವ ಕೋಶ ಬೇಕಾದರೂ ಆಗುವ ಶಕ್ತಿ ಬೇಕು. ಹೊಕ್ಕಳಬಳ್ಳಿಯ ರಕ್ತದಲ್ಲಿರುವುದು ಮುಖ್ಯವಾಗಿ ರಕ್ತದ ಸ್ಟೆಮ್ ಸೆಲ್. ಅದು ರಕ್ತದ ಕೋಶಗಳನ್ನು ಮಾಡುತ್ತದೆ, ಮಿದುಳನ್ನೋ ಮೂತ್ರಪಿಂಡವನ್ನೋ ಮಾಡುವುದಿಲ್ಲ. ರಕ್ತದ ಕೆಲವು ಕಾಯಿಲೆಗಳಿಗೆ ಅದು ನಿಜವಾಗಿಯೂ ಉಪಯೋಗ. 1988ರಲ್ಲಿ ಪ್ಯಾರಿಸ್ಸಿನಲ್ಲಿ ಮೊದಲ ಸಲ ಬಳಸಿದಾಗ, ಫ್ಯಾಂಕೋನಿ ಅನೀಮಿಯ ಇದ್ದ ಹುಡುಗನಿಗೆ ಕೊಟ್ಟದ್ದು ಅವನ ತಂಗಿಯ ಹೊಕ್ಕಳಬಳ್ಳಿಯ ರಕ್ತ. ಅವನದೇ ಅಲ್ಲ, ಗಮನಿಸಿ. ಥಲಸ್ಸೀಮಿಯದಂಥ ಹುಟ್ಟಿನಿಂದ ಬರುವ ಕಾಯಿಲೆಯಾದರೆ ಮಗುವಿನ ಸ್ವಂತ ರಕ್ತದಲ್ಲೂ ಅದೇ ಕೆಟ್ಟ ಜೀನ್ ಇರುತ್ತದೆ. ಅದನ್ನೇ ಮತ್ತೆ ಕೊಟ್ಟು ಏನು ಪ್ರಯೋಜನ? ಮನೆಯಲ್ಲಿ ಈಗಾಗಲೇ ಅಂಥ ಕಾಯಿಲೆಯ ಮಗು ಇದ್ದು, ರಕ್ತರೋಗದ ಡಾಕ್ಟರು ಬೇಕು ಅಂದರೆ ಎತ್ತಿಡುವುದರಲ್ಲಿ ಅರ್ಥವಿದೆ. ನಿಮ್ಮ ಪತ್ರ ನೋಡಿದರೆ ಅಂಥದ್ದೇನೂ ಇಲ್ಲ. ನನ್ನ ತಂಗಿಯಾಗಿದ್ದರೆ ಕಟ್ಟಬೇಡ ಅನ್ನುತ್ತಿದ್ದೆ. ಆ ದುಡ್ಡು ಐವಿಎಫ್ ಬಿಲ್ಲಿಗೇ ಬೇಕಾಗುತ್ತದೆ.

ಸ್ಟೆಮ್ ಸೆಲ್ ಇಂಜೆಕ್ಷನ್ ಕೊಟ್ಟು ಆಟಿಸಂ, ಮಂಡಿನೋವು, ಸಕ್ಕರೆ ಕಾಯಿಲೆ ವಾಸಿ ಮಾಡುತ್ತೇವೆ ಅನ್ನುವ ಬೋರ್ಡುಗಳೂ ಕಾಣುತ್ತವೆ. 2017ರ ರಾಷ್ಟ್ರೀಯ ಮಾರ್ಗಸೂಚಿಯ ಪ್ರಕಾರ ಒಪ್ಪಿಗೆ ಇರುವ ಬಳಕೆ ರಕ್ತದ ಸ್ಟೆಮ್ ಸೆಲ್ ಕಸಿಯಂಥದ್ದಕ್ಕೆ ಮಾತ್ರ. ಉಳಿದದ್ದು ಪ್ರಯೋಗ, ದುಡ್ಡು ತೆಗೆದುಕೊಂಡು ಮಾರುವಂತಿಲ್ಲ. ಅಮೆರಿಕದ ಫ್ಲಾರಿಡಾದಲ್ಲಿ ಹೊಟ್ಟೆಯ ಕೊಬ್ಬಿನಿಂದ ತೆಗೆದ ಕೋಶಗಳನ್ನು 'ಸ್ಟೆಮ್ ಸೆಲ್' ಅಂತ ಕಣ್ಣಿಗೆ ಚುಚ್ಚಿಸಿಕೊಂಡ ಮೂವರು ಹೆಂಗಸರ ದೃಷ್ಟಿ ಹೋದದ್ದು 2017ರಲ್ಲಿ ವರದಿಯಾಯಿತು.

ಹಾಗಂತ ಎಲ್ಲಾ ಬರೀ ಬುರುಡೆ ಅನ್ನಬೇಡಿ. 2006ರಲ್ಲಿ ಜಪಾನಿನ ಶಿನ್ಯಾ ಯಮನಾಕ ಮತ್ತು ಕಾಜುತೊಷಿ ತಕಹಾಶಿ ಇಲಿಯ ಮಾಮೂಲಿ ಕೋಶಕ್ಕೆ ಬರೀ ನಾಲ್ಕು ಜೀನ್ ಸೇರಿಸಿ ಅದನ್ನು ಹಿಂದಕ್ಕೆ, ಆ ಎಪಿಬ್ಲಾಸ್ಟ್ ನಿಲ್ದಾಣಕ್ಕೆ, ಕರೆದುಕೊಂಡು ಹೋದರು. ಅದರಲ್ಲಿ ಆಕ್ಟ್4, ಸಾಕ್ಸ್2 ಎರಡೂ ಇದ್ದವು. ಮೇಲೆ ಒಳಗಿನ ಕೋಶಗಳ ಮಾತು ಬಂದಾಗ ಹೇಳಿದೆನಲ್ಲ, ಅವೇ. 2007ರಲ್ಲಿ ಮನುಷ್ಯರ ಕೋಶದಲ್ಲೂ ಆಯಿತು, 2012ರಲ್ಲಿ ಯಮನಾಕ ಅವರಿಗೆ ಜಾನ್ ಗರ್ಡನ್ ಜೊತೆ ನೊಬೆಲ್ ಬಂತು. 2014ರಲ್ಲಿ ಜಪಾನಿನಲ್ಲೇ ಮಸಾಯೊ ತಕಹಾಶಿ ಅವರ ತಂಡ ಇಂಥ ಕೋಶಗಳಿಂದ ಕಣ್ಣಿನ ಪದರ ಬೆಳೆಸಿ ವಯಸ್ಸಾದ ಒಬ್ಬ ಹೆಂಗಸಿಗೆ ಕಸಿ ಮಾಡಿತು. ಎರಡನೇ ರೋಗಿಯ ಕೋಶಗಳಲ್ಲಿ ಜೀನ್ ಬದಲಾವಣೆ ಕಂಡದ್ದೇ ನಿಲ್ಲಿಸಿಬಿಟ್ಟರು. ನಾನು ನಂಬುವುದು ಹಾಗೆ ನಿಲ್ಲಿಸುವವರನ್ನು. ಗಮನಿಸಿ, ಅವರು ಕೋಶವನ್ನು ನೇರವಾಗಿ ಚುಚ್ಚಲಿಲ್ಲ. ಏನಾಗಬೇಕು ಅಂತ ತಟ್ಟೆಯಲ್ಲೇ ಪೂರ್ತಿ ಕಲಿಸಿ ಆಮೇಲೆ ಒಳಗಿಟ್ಟರು.

ತಂಗಿಯ ಭ್ರೂಣಕ್ಕೆ ಜೆನೆಟಿಕ್ ಟೆಸ್ಟ್ ಮಾಡಿಸಿ ಅಂತ ಯಾರಾದರೂ ಹೇಳಬಹುದು. ಈಗ ಅದಕ್ಕೆ ಕೋಶ ತೆಗೆಯುವುದು ಹೊರಪದರದಿಂದ, ಗುಡ್ಡೆಯನ್ನು ಮುಟ್ಟುವುದಿಲ್ಲ. ಆದರೆ ಮಾಸಿನ ಕಡೆಯವರನ್ನು ಕೇಳಿ ಮಗುವಿನ ಸಮಾಚಾರ ಊಹಿಸಿದ ಹಾಗೆ ಅದು. ಸಾಮಾನ್ಯವಾಗಿ ಹೊಂದುತ್ತದೆ, ಕೆಲವು ಸಲ ಹೊಂದುವುದಿಲ್ಲ. ಮಾಡಿಸಬೇಕೋ ಬೇಡವೋ ಅನ್ನುವುದನ್ನು ವಯಸ್ಸು, ಹಿಂದಿನ ಗರ್ಭಪಾತ ಎಲ್ಲಾ ನೋಡಿ ಡಾಕ್ಟರ ಹತ್ತಿರವೇ ಮಾತಾಡಿ. ಒಂದೇ ಭ್ರೂಣ ಇಟ್ಟರೂ ಅಪರೂಪಕ್ಕೆ ಅವಳಿ ಆಗಬಹುದು. ಎರಡನೇ ವಾರ ಮುಗಿಯುವ ಹೊತ್ತಿಗೆ ಭ್ರೂಣದ ಮೇಲೆ ತಲೆ ಯಾವ ಕಡೆ, ಬಾಲ ಯಾವ ಕಡೆ ಅಂತ ತೋರಿಸುವ ಒಂದು ಗೆರೆ ಮೂಡುತ್ತದೆ. ಅಲ್ಲಿಯವರೆಗೂ ಒಂದು ಎರಡಾಗುವ ಅವಕಾಶ ಇದ್ದೇ ಇರುತ್ತದೆ. ಲ್ಯಾಬಿನಲ್ಲಿ ಮನುಷ್ಯರ ಭ್ರೂಣವನ್ನು 14 ದಿನ ದಾಟಿಸಬಾರದು ಅನ್ನುವ ನಿಯಮ ಹುಟ್ಟಿದ್ದೂ ಈ ಗೆರೆಯಿಂದಲೇ.

ಭ್ರೂಣ ಒಳಗಿಟ್ಟ ಮೇಲೆ ತಂಗಿ ದಿನಾ ಮನೆಯಲ್ಲಿ ಸ್ಟ್ರಿಪ್ ಟೆಸ್ಟ್ ಮಾಡಿ ನೋಡುವುದು ಬೇಡ. ಸ್ಟ್ರಿಪ್ಪು ಹುಡುಕುವುದು ಎಚ್‌ಸಿಜಿ ಅನ್ನುವ ಹಾರ್ಮೋನನ್ನು. ಐವಿಎಫ್‌ನಲ್ಲಿ ಅಂಡಾಣು ತೆಗೆಯುವ ಮುಂಚೆ ಎಷ್ಟೋ ಸಲ ಅದೇ ಹಾರ್ಮೋನಿನ ಇಂಜೆಕ್ಷನ್ ಕೊಟ್ಟಿರುತ್ತಾರೆ. ಅದು ಕೆಲವು ದಿನ ಮೈಯಲ್ಲಿ ಉಳಿದು ಸುಳ್ಳು ಗೆರೆ ತೋರಿಸಬಹುದು. ಡಾಕ್ಟರು ಹೇಳಿದ ದಿನ ರಕ್ತ ಪರೀಕ್ಷೆ ಮಾಡಿಸಿ. ಆ ದಿನ ಬರುವ ನಂಬರ್ ಒಳಗಿನ ಗುಡ್ಡೆಯದಲ್ಲ ಅಂತ ನಿಮ್ಮ ಮಗಳಿಗೆ ಹೇಳಿ. ಗರ್ಭಕೋಶಕ್ಕೆ ಅಂಟಿಕೊಂಡು ಎಚ್‌ಸಿಜಿ ಮಾಡುವುದು ಹೊರಗೆ, ಫುಟ್‌ಬೋರ್ಡಿನಲ್ಲಿ ನಿಂತಿದ್ದ ಕೋಶಗಳ ಸಂತಾನ.